ಕುನಾಗ್ನನ ಮಗಳು

ಬಿರುಗಾಳಿಗೆ, ಐರಿಷ್ ಕಡಲಂಚಿನ ಒಂದು ಹಳ್ಳಿಯ ಮುದುಕಿ ಗೊಬ್ನಿತಳ ಹಳೇ ದನದ ಕೊಟ್ಟಿಗೆಯ ಒಂದು ಗೋಡೆ ಕುಸಿದು, ಬಾಗಿಲ ಮೇಲಿದ್ದ ಉದ್ದನೆಯ ಕಲ್ಲು ಕೆಳಗೆ ಬಿತ್ತು. ಅಷ್ಟು ಕಾಲ ಗೋಡೆಯೊಳಗೆ ಹುದುಗಿದ್ದ ಅದರ ಅಂಚಿನಲ್ಲಿ ಸಾಲಾಗಿ ಗೀರುಗಳು ಕಂಡವು. ಗೊಬ್ನಿತ್ ಕಾರ್ಕ್ ನಗರಕ್ಕೆ ಫೋನ್ ಮಾಡಿದಳು. ಅಲ್ಲಿ ಹಳೆಯ ಐರಿಷ್ ಕಲಿಸುವ ಲಿಯಾದನ್, ವಿದ್ಯಾರ್ಥಿನಿಯಾಗಿದ್ದಾಗ ಆಡುಮಾತು ಕಲಿಯಲು ಇವಳ ಮನೆಯಲ್ಲೇ ಉಳಿದಿದ್ದವಳು.

ಮರುದಿನ ಬೆಳಿಗ್ಗೆ ಬಂದ ಲಿಯಾದನ್ ಕೋಟು ಸಹ ಬಿಚ್ಚದೆ ಕಲ್ಲಿನ ಪಕ್ಕ ಕೆಸರಲ್ಲೇ ಅಡ್ಡಾದಳು. ಟ್ರ್ಯಾಕ್ಟರ್ ತಂದಿದ್ದ ಪಕ್ಕದ ಹೊಲದ ಕೋಲ್ಮನ್ ನಕ್ಕ.

"ಯೂನಿವರ್ಸಿಟೀಲಿ ಇದನ್ನೇ ಕಲಿಸ್ತಾರೇನಮ್ಮ, ಸಗಣೀಲಿ ಮಲಗೋದು?"

"ಹಬ್ಬದ ದಿನ ನೀನು ಚರಂಡೀಲಿ ಮಲಗಿದ್ದೆಯಲ್ಲ, ಅದನ್ನ ಯಾವ ಯೂನಿವರ್ಸಿಟೀಲಿ ಕಲ್ತೆ?" ಎಂದಳು ಗೊಬ್ನಿತ್. "ಬಾಯಿ ಮುಚ್ಕೊಂಡು ನಿಂತ್ಕೋ."

ಹಳೆಯ ಐರಿಷ್ ಕಲ್ಲುಗಳ ಒಗಮ್ ಲಿಪಿಯಲ್ಲಿ ಅಕ್ಷರವೆಂದರೆ ಅಂಚಿನ ಮೇಲೆ ಕಡಿದ ಗೀರುಗಳಷ್ಟೇ. ಬುಡದಿಂದ ತುದಿಗೆ ಓದಿಕೊಂಡು ಹೋಗಬೇಕು. ಲಿಯಾದನ್ ಟಾರ್ಚನ್ನು ಓರೆಯಾಗಿ ಹಿಡಿದು ಮೊದಲ ಹೆಸರನ್ನು ಬಿಡಿಸಿದಳು: ವೆಂದಿಯಾ. ಮುಂದಿನ ಪದವನ್ನು ನೋಡುವ ಮೊದಲೇ ಅದೇನೆಂದು ಅವಳಿಗೆ ಗೊತ್ತಿತ್ತು. ಐರಿಷರ ಈ ದ್ವೀಪದಲ್ಲಿ ಅವಳು ಓದಿದ್ದ ಕಲ್ಲುಗಳ ಮೇಲೆಲ್ಲ 'ಇಂಥವನ ಮಗ ಇಂಥವನದು' ಎಂದೇ ಇರುತ್ತಿತ್ತು. ಹಾಗಾಗಿ ಅಲ್ಲಿ 'ಮಗ' ಎಂಬ ಪದದ ಮೊದಲ ಓರೆಗೀರು ಇರಬೇಕು.

ಇರಲಿಲ್ಲ. ಅವಳು ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸಿದಳು. ಮತ್ತೆ ನೋಡಿದಳು. ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಗೊಬ್ನಿತ್, ಇಲ್ಲಿ ಬೆರಳಿಡಿ. ಎಷ್ಟು ಕಚ್ಚು ಸಿಗುತ್ತೆ?"

"ಐದು."

"ಅದರ ಮೇಲೆ?"

"ಬಲಗಡೆಗೆ ಐದು ಗೆರೆ. ಯಾಕೇ, ಏನಿದೆ ಅದ್ರಲ್ಲಿ?"

ಐದು ಕಚ್ಚು ಎಂದರೆ 'ಇ', ಬಲಕ್ಕೆ ಐದು ಗೆರೆ ಎಂದರೆ 'ನ'. ಲಿಯಾದನ್ ತುದಿಯವರೆಗೂ ಓದಿ, ಎದ್ದು ಕೂತು, ಗಟ್ಟಿಯಾಗಿ ಹೇಳಿದಳು: "ವೆಂದಿಯಾಸ್ ಇನಿಗೆನಾಸ್ ಕುನಾಗ್ನಿ. ಕುನಾಗ್ನನ ಮಗಳು ವೆಂದಿಯಾಳದು."

ಕೋಲ್ಮನ್ ತಾನೇಕೆ ಹಾಗೆ ಮಾಡಿದೆನೆಂದು ತಿಳಿಯದೆ ಟೋಪಿ ತೆಗೆದ.

"ಮಗಳಾ?" ಎಂದಳು ಗೊಬ್ನಿತ್.

"ಮಗಳೇ. ಒಂದೂವರೆ ಸಾವಿರ ವರ್ಷದಿಂದ ಈ ಹೆಸರನ್ನ ಯಾರೂ ಕೂಗಿರಲಿಕ್ಕಿಲ್ಲ. ಮಗಳು ಅನ್ನೋ ಈ 'ಇನಿಗೆನಾ'ನೇ ಸವೆದು ಸವೆದು ನಮ್ಮ ಈಗಿನ ಮಾತಿನ 'ಇನೀನ್' ಆಯ್ತು. ಅದೂ ಸವೆದು, ನಿಮ್ಮ ಹೆಸರಲ್ಲಿ ಇದೆಯಲ್ಲ, ಆ 'ನೀ' ಆಯ್ತು. ಗೊಬ್ನಿತ್ ನೀ ಖಾಹಾನ್."

ಗೊಬ್ನಿತ್ ತಂದೆಗೆ ಒಬ್ಬಳೇ ಮಗಳು. ಅವನ ಶವಪೆಟ್ಟಿಗೆಯ ಮುಂದೆಯೇ ಊರವರು, ಖಾಹಾನ್ ಮನೆತನ ಇಲ್ಲಿಗೆ ಮುಗಿಯಿತು ಎಂದಿದ್ದರು. ಅವಳು ಎದುರಾಡದೆ ಅದೇ ಹೊಲವನ್ನು, ಅದೇ ಹಸುಗಳನ್ನು ಮುದುಕಿಯಾಗುವವರೆಗೆ ನೋಡಿಕೊಂಡಿದ್ದಳು. ಈಗ ಮಂಡಿಯೂರಿ ಕಲ್ಲಿನ ಮೇಲೆ ಅಂಗೈ ಇಟ್ಟಳು.

"ವೆಂದಿಯಾ," ಎಂದಳು, ಅಂಗಳದಾಚೆಯವರನ್ನು ಕರೆಯುವ ಹಾಗೆ. "ನಮ್ಮ ಹಸುಗಳು ಇಷ್ಟು ಕಾಲ ನಿನ್ನ ಕೆಳಗೇ ಓಡಾಡ್ಬಿಟ್ವು. ಬೇಜಾರು ಮಾಡ್ಕೋಬೇಡ ಕಣವ್ವ."

ಲಿಯಾದನ್‌ಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. ಎಷ್ಟೋ ವರ್ಷ ಪದಗಳ ಬೇರು ಹುಡುಕಿದ್ದವಳಿಗೆ, ಆ ಬೇರು ಹೀಗೆ ಒಬ್ಬರ ಕೈಗೆ ತಾಕುತ್ತದೆಂದು ಹೊಳೆದೇ ಇರಲಿಲ್ಲ.

ಸರ್ಕಾರದವರು ಬಂದು ಕಲ್ಲನ್ನು ಡಬ್ಲಿನ್‌ಗೆ ಒಯ್ಯುವ ಮಾತಾಡಿದರು. ಗೊಬ್ನಿತ್ ಅವರಿಗೆ ಚಹಾ, ಸೋಡಾ ಬ್ರೆಡ್ಡು, ಬೆಣ್ಣೆ ಕೊಟ್ಟು, ವೆಂದಿಯಾ ಎಲ್ಲಿಗೂ ಹೋಗುವುದಿಲ್ಲ ಎಂದಳು. ಕೊನೆಗೆ ಅವರೂ ಒಪ್ಪಿದರು. ಕೋಲ್ಮನ್ ಟ್ರ್ಯಾಕ್ಟರಿನಿಂದ ಕಲ್ಲನ್ನು ಎತ್ತಿ, ಕಡಲಿಗೆ ಮುಖವಾಗಿ ಹೊಲದ ನೆತ್ತಿಯಲ್ಲಿ ನಿಲ್ಲಿಸಿದ.

ವಸಂತದಲ್ಲಿ ಲಿಯಾದನಳ ಗುರುಗಳೇ ಬಂದರು. ಈ ದ್ವೀಪದಲ್ಲಿ ಹೆಣ್ಣಿನ ಹೆಸರಿನ ಒಗಮ್ ಕಲ್ಲು ಸಿಗಲಾರದೆಂದು ಬರೆದಿದ್ದ ಆ ವೃದ್ಧರು ಬುಡದಿಂದ ತುದಿಗೆ ಬೆರಳಾಡಿಸಿದರು. ತುದಿ ಮುಟ್ಟಿದ ಮೇಲೆ ಮತ್ತೆ ಬುಡದಿಂದ ಶುರುಮಾಡಿದರು. ಆಮೇಲೆ ತಿರುಗಿ, ಮೆಲ್ಲಗೆ ಕೇಳಿದರು: "ಕೂರೋಕೆ ಏನಾದ್ರೂ ಸಿಗುತ್ತಾ ತಾಯಿ?"

ಗೊಬ್ನಿತ್ ಅಡುಗೆಮನೆಯ ಕುರ್ಚಿಯನ್ನೇ ಹೊತ್ತು ತಂದಳು. ಹೊತ್ತು ಮುಳುಗುವವರೆಗೂ ಅವರು ಅಲ್ಲಿಂದ ಏಳಲಿಲ್ಲ.