ಮೇಲೇ ಉಳಿದ ಪಾಯ

ಜಿಗಣಿಯಲ್ಲಿ ಏಳುತ್ತಿದ್ದ ಗೋದಾಮಿನ ಹಿಂದಿನ ಸಾಲಿಗೆ ಇನ್ನೊಂದು ಕಂಬ ಬೇಕೆಂದು ಸೈಟಿನಿಂದ ಹೇಳಿಕಳಿಸಿದ್ದರು. ನಕ್ಷೆ ಬರೆಯುವ ಮಂಜುಶ್ರೀ ಕಂಪ್ಯೂಟರಿನ ಮಾಡೆಲ್‌ನಲ್ಲಿ ಕಂಬ ನಿಲ್ಲಿಸಿ, ಅದರಡಿಗೆ ಕಾಂಕ್ರೀಟಿನ ಪಾಯ, ಅಂದರೆ ಫುಟಿಂಗ್, ಕೂರಿಸಿದಳು. ಆ ಸಾಲಿನ ಫುಟಿಂಗ್‌ಗಳೆಲ್ಲ ಉಳಿದವುಗಳಿಗಿಂತ ಐದಡಿ ಆಳಕ್ಕಿಳಿಯಬೇಕಿತ್ತು. ಅದು ಹಳೆಯ ಕಲ್ಲುಕ್ವಾರಿಗೆ ಮಣ್ಣು ತುಂಬಿದ ಜಾಗ. ಆದರೆ ಎಷ್ಟು ಸಲ ಕೆಳಗಿಳಿಸಿದರೂ ಫುಟಿಂಗ್ ನೆಗೆದು ಮೇಲಕ್ಕೇ ಬರುತ್ತಿತ್ತು.

ಅಳಿಸಿ ಮತ್ತೆ ಇಟ್ಟಳು. ಊಹೂಂ. ಕೊನೆಗೆ ಕಟ್ಟಡವನ್ನು ಸೀಳಿ ತೋರಿಸುವ ನೋಟ ತೆರೆದಾಗ ಗೊತ್ತಾಯಿತು: ಕಂಬದ ಬುಡವೇ ಮೇಲಿದೆ, ಫುಟಿಂಗ್ ಅದಕ್ಕೆ ಅಂಟಿಕೊಂಡಿದೆ. ಪಕ್ಕದ ಕಂಬ ನೋಡಿದಳು. ಅದೂ ಹಾಗೇ. ಇಡೀ ಸಾಲೇ ಹಾಗೆ. ಮೇಲಿನಿಂದ ನೋಡುವ ನಕ್ಷೆಯಲ್ಲಿ ಆಳ ಕಾಣದು, ಹಾಗಾಗಿ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ. ಅವಳೇ ಬರೆದ ಶೀಟುಗಳು ಆ ತಪ್ಪು ಆಳದ ಅಳತೆಯೊಂದಿಗೇ ಸೈಟಿಗೆ ಹೋಗಿದ್ದವು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಸಣ್ಣ ಆಫೀಸಿನ ಯಜಮಾನ ರಾಜೇಂದ್ರ ವಿಷಯ ಕೇಳಿ, "ಸರಿ ಮಾಡಿ ಕಳ್ಸಮ್ಮ, ಅಷ್ಟೇ ತಾನೇ?" ಎಂದರು.

"ಕಾಂಕ್ರೀಟ್ ಹಾಕ್ಬಿಟ್ಟಿದ್ರೆ ಸಾರ್?"

"ನಾಳೆ ಮಾತಾಡ್ತೀನಿ."

ಅವಳೇ ಸೈಟ್ ಇಂಜಿನಿಯರ್ ನಂದೀಶನಿಗೆ ಫೋನ್ ಮಾಡಿ ತಪ್ಪು ತಿಳಿಸಿದಳು.

"ಹಾಕಾಯ್ತಲ್ಲ ಮೇಡಂ! ಇನ್ನೇನು, ಪಕ್ಕದಲ್ಲಿ ಅಗೆಸಿ ಒಡೆಸ್ತೀನಿ."

"ಬೇಡ ಸಾರ್, ಅದು ತುಂಬಿಸಿರೋ ಮಣ್ಣು, ಕುಸಿಯುತ್ತೆ. ದೊಡ್ಡ ಇಂಜಿನಿಯರ್ ಬಂದು ನೋಡೋವರ್ಗೂ ಯಾರನ್ನೂ ಗುಂಡಿಗೆ ಇಳಿಸ್ಬೇಡಿ."

"ಕೆಲ್ಸ ನಿಂತ್ರೆ ಓನರ್‌ಗೆ ನೀವು ಉತ್ರ ಹೇಳ್ತೀರಾ?" ನಂದೀಶ ಫೋನಿಟ್ಟ.

ಮರುದಿನ ಮಧ್ಯಾಹ್ನ ನಂದೀಶ ಅಗೆಸುತ್ತಿದ್ದ ಗುಂಡಿಯ ಮಣ್ಣು ಕುಸಿಯಿತು. ಒಳಗಿದ್ದವನು ಯಾದಗಿರಿ ಕಡೆಯ ಕೂಲಿಯಾಳು ಬಸಲಿಂಗ. ಜೆಸಿಬಿ ಬಂದು ಹೊರತೆಗೆಯುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಸುದ್ದಿ ಕೇಳಿ ಹೊರಟ ಮಂಜುಶ್ರೀಗೆ ರಾಜೇಂದ್ರ ಬಾಗಿಲಲ್ಲೇ ಹೇಳಿದರು: "ಪೊಲೀಸ್ನೋರು ಕೇಳಿದ್ರೆ ನಕ್ಷೆ ಸರಿ ಇತ್ತು ಅನ್ನು. ಆಫೀಸ್ ಉಳೀಬೇಕು."

ಸೈಟಿನಲ್ಲಿ ಬಸಲಿಂಗನ ಹೆಂಡತಿ ಯಮುನಾ ನೆಲದ ಮೇಲೆ ಕೂತಿದ್ದಳು. ಬರಿಗೈಯಲ್ಲಿ ಮಣ್ಣು ತೋಡಿ ಉಗುರುಗಳಲ್ಲಿ ರಕ್ತ ಒಸರಿತ್ತು. ಮಂಜುಶ್ರೀ ಹತ್ತಿರ ಕೂತಾಗ ಯಮುನಾ ಕೇಳಿದಳು, "ಹಿಂಗಾಗ್ತದಂತ ಯಾರಿಗರ ಗೊತ್ತಿತ್ತೇನ್ರಿ ಅಕ್ಕಾ?"

"ನಂಗೆ ಗೊತ್ತಿತ್ತಮ್ಮ. ತಪ್ಪು ನಕ್ಷೆ ನಂದೇ. ಅಗೀಬೇಡಿ ಅಂತ ಫೋನ್ ಮಾಡ್ದೆ. ಆದ್ರೆ ನಾನೇ ಬಂದು ನಿಲ್ಲಿಸ್ಲಿಲ್ಲ."

ಯಮುನಾ ಅವಳ ಮುಖವನ್ನೇ ನೋಡಿದಳು. "ಫೋನ್ ಮಾಡಿ ಸುಮ್ಮನಾದ್ರ ಆತೇನ್ರಿ? ಏಳ್ರಿ. ನನ್ನ ಬಾಜೂಕ ಕೂಡಬ್ಯಾಡ್ರಿ."

ಪೊಲೀಸರ ಮುಂದೆಯೂ ಮಂಜುಶ್ರೀ ಅದನ್ನೇ ಹೇಳಿದಳು. ಆ ವಾರವೇ ಅವಳ ಕೆಲಸ ಹೋಯಿತು. ಬಂಧಿತನಾಗಿದ್ದ ನಂದೀಶ ಜಾಮೀನಿನ ಮೇಲೆ ಹೊರಬಂದ, ಗೋದಾಮು ಮತ್ತೆ ಮೇಲೇಳತೊಡಗಿತು.

ತಿಂಗಳುಗಳಾದ ಮೇಲೆ ಕೋರ್ಟಿನ ವರಾಂಡದಲ್ಲಿ ಯಮುನಾ ಎದುರಾದಳು. ಬೆಂಚು ತುಂಬಿತ್ತು. ಮಂಜುಶ್ರೀ ಎದ್ದು ಜಾಗ ಬಿಟ್ಟು ಗೋಡೆಗೆ ಸರಿದು ನಿಂತಳು. ಯಮುನಾ ಕೂತಳು. ಹೆಸರು ಕೂಗಿದಾಗ ಮಂಜುಶ್ರೀ ಸಾಕ್ಷಿ ಹೇಳಲು ಒಳಗೆ ನಡೆದಳು.