ಗುಡ್ಡಕ್ಕೆ ಬೆಂಕಿ ಹಚ್ಚುವ ಊರು

ಬಸವನ ಬಾಗೇವಾಡಿ ಕಡೆಯ ಒಂದು ಸಣ್ಣ ಊರು. ಊರ ಹಿಂದೆ ಗುಡ್ಡ. ನೆತ್ತಿ ಸಪಾಟು, ಮೈತುಂಬ ಕಪ್ಪು ಕಲ್ಲು ಮತ್ತು ಗರಸು ಮಣ್ಣು. ತೋಳ, ನರಿ, ನವಿಲುಗಳದೇ ಅಲ್ಲಿ ರಾಜ್ಯ. ಗುಡ್ಡದ ಬುಡಕ್ಕೆ ಊರಿನ ಬಾವಿ. ಶಿವರಾತ್ರಿ ಬಂತೆಂದರೆ ಬಾವಿಯ ತಳ ಕಾಣುತ್ತಿತ್ತು. ಅಲ್ಲಿಂದ ಮಳೆಗಾಲದವರೆಗೆ ಹೆಂಗಸರು ಹಳ್ಳದ ಉಸುಕು ತೋಡಿ, ಒರತೆ ನೀರು ಬಸಿದು ಹೊತ್ತು ತರಬೇಕು.

ಆ ಊರಿನದೊಂದು ಪದ್ಧತಿ. ಮುಂಗಾರಿಗೆ ಮೊದಲು ಗುಡ್ಡದ ಒಣಹುಲ್ಲಿಗೆ ಬೆಂಕಿ ಹಚ್ಚುವುದು. ಬೂದಿ ಮಳೆಯಲ್ಲಿ ಇಳಿದು ಹೊಲಕ್ಕೆ ಗೊಬ್ಬರವಾಗುತ್ತದೆ ಎಂಬುದು ಹಿರಿಯರ ಮಾತು. ವರ್ಷಕ್ಕೊಂದು ಮನೆಯ ಸರದಿ, ಆ ಮನೆಯ ಒಲೆಯ ಕೆಂಡವೇ ಬೇಕು. ಹಚ್ಚುವವರು ಗಂಡಸರು, ನೀರು ಹೊರುವವರು ಹೆಂಗಸರು. ಇದೆಂಥ ನ್ಯಾಯ ಎಂದು ಚಾವಡಿಯಲ್ಲಿ ಯಾರೂ ಕೇಳಿದ್ದಿಲ್ಲ.

ಎಪ್ಪತ್ತಾರನೆಯ ಇಸವಿಯಲ್ಲಿ ಗುರಪ್ಪನ ಮನೆಯ ಸರದಿ ಬಂತು. ಅವನ ಹೆಂಡತಿ ಹೊನ್ನವ್ವ ಮಹಿಳಾ ಮಂಡಳದ ಸಭೆಗೆ ಹೋದಾಗ ಗ್ರಾಮಸೇವಿಕೆ ಇಂದೂಬಾಯಿಯವರಿಗೆ ಬಾವಿಯ ಸಂಕಟ ಹೇಳಿಕೊಂಡಳು. ಅವರು ಗುಡ್ಡದ ಕಡೆ ಕೈ ತೋರಿಸಿದರು.

"ನಮ್ಮ ಕಡೆ ಮಳಿ ಒಮ್ಮೆ ಧೋ ಅಂತ ಸುರದು ಹೋಗ್ತೈತಿ. ಹುಲ್ಲಿದ್ರ ನೀರ ತಡೀತೈತಿ. ಗರಸಿನಾಗ ಇಳಿದು ಮೆಲ್ಲಕ ನಿಮ್ಮ ಬಾವಿಗಿ ಬರ್ತೈತಿ. ಸುಟ್ಟ ಗುಡ್ಡದ ಮ್ಯಾಲ ಬಿದ್ದ ನೀರು ಸೀದಾ ಹಳ್ಳಕ್ಕ, ಅಲ್ಲಿಂದ ಡೋಣಿ ಹೊಳಿಗಿ. ಬೂದಿನೂ ಅದರ ಜೋಡಿ ಹೋಗ್ತೈತಿ."

ಹೊನ್ನವ್ವನ ಮೈ ಉರಿಯಿತು. ಮದುವೆಯಾಗಿ ಬಂದಾಗಿನಿಂದ ಹೊತ್ತ ಕೊಡಗಳೆಲ್ಲ ಒಟ್ಟಿಗೇ ತಲೆಯ ಮೇಲೆ ಕೂತಂತಾಯಿತು. ಮನೆಗೆ ಬಂದು ಗಂಡನಿಗೆ ಹೇಳಿದಳು. ಗುರಪ್ಪ ನಕ್ಕುಬಿಟ್ಟ.

"ನಮ್ಮ ಮುತ್ಯಾನ ಕಾಲದಿಂದ ಹಚ್ಚಾಕತ್ತೇವಿ. ಅವರೇನು ಹುಚ್ಚರಾಗಿದ್ರೇನು?"

ಅವಳು ವಾದಕ್ಕೆ ನಿಲ್ಲಲಿಲ್ಲ. ಮರುದಿನ ಮುಂಜಾನೆ ತಾನೊಂದು ಕೊಡ ಹೊತ್ತು, ಗಂಡನ ಹೆಗಲಿಗೊಂದು ಕೊಡ ಏರಿಸಿ ಗುಡ್ಡ ಹತ್ತಿಸಿದಳು. ಅರ್ಧ ದಾರಿಗೇ ಗುರಪ್ಪನಿಗೆ ಏದುಸಿರು ಬಂತು. ನೀರಿನ ಭಾರ ಅವನಿಗೆ ಗೊತ್ತಾದದ್ದು ಅವತ್ತೇ. ಮೇಲೆ ದ್ಯಾಮವ್ವನ ಕಟ್ಟೆಯ ಸುತ್ತ, ದೇವಿಯ ಹುಲ್ಲೆಂದು ಯಾರೂ ಬೆಂಕಿ ಮುಟ್ಟಿಸದ ಜಾಗವಿತ್ತು. ಹೊನ್ನವ್ವ ಅಲ್ಲಿ ಕೊಡ ಬಗ್ಗಿಸಿದಳು. ನೀರು ಹುಲ್ಲಿನ ಬುಡದಲ್ಲೇ ಇಂಗಿತು. ವರ್ಷವರ್ಷ ಸುಟ್ಟು ಬೋಳಾದ ಕಡೆ ಗುರಪ್ಪನಿಂದಲೇ ಕೊಡ ಸುರಿಸಿದಳು. ಗಟ್ಟಿ ನೆಲದ ಮೇಲೆ ಹನಿಯೂ ನಿಲ್ಲದೆ, ಒಂದಿಷ್ಟು ಮಣ್ಣನ್ನೂ ಎಳೆದುಕೊಂಡು ನೀರು ಕೆಳಗೆ ಓಡಿತು. ಗುರಪ್ಪ ಅದು ಹೋದ ದಾರಿಯನ್ನೇ ನೋಡುತ್ತ ನಿಂತ. ನಾವೇ ನಮ್ಮ ಬಾವಿ ಸುಟ್ಟೆವಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಬೆಂಕಿಯ ದಿನ ಊರ ಹಿರಿಯ ಮಡಿವಾಳಪ್ಪ ನಾಲ್ಕು ಜನರನ್ನು ಕರೆದುಕೊಂಡು ಕೆಂಡಕ್ಕೆ ಬಂದ. ಕೊಡುವುದಿಲ್ಲ ಎಂದ ಗುರಪ್ಪ. ಗುಡ್ಡದ ಮೇಲೆ ಕಂಡದ್ದನ್ನೂ ಹೇಳಿದ. ಹೆಂಡತಿಯ ಮಾತು ಕೇಳಿ ಕೆಟ್ಟೆ ಎಂದು ಮಡಿವಾಳಪ್ಪ ಹಂಗಿಸಿದ, ಬೇರೆ ಮನೆಯ ಕೆಂಡ ತರುತ್ತೇವೆ ಎಂದು ಎದ್ದ. ಆಗ ಹೊನ್ನವ್ವ ಒಳಗಿನಿಂದ ಖಾಲಿ ಕೊಡ ತಂದು ಅವನ ಮುಂದಿಟ್ಟಳು.

"ಹಚ್ಚ್ರಿ ಕಾಕಾ. ಆದ್ರ ಬಾವಿ ಬತ್ತಿದ ಮ್ಯಾಲ ಗುಡ್ಡ ಸುಟ್ಟವರೇ ನೀರ ಹೊರಬೇಕು. ತಗೋರಿ ಕೊಡಾ."

ಬಂದವರಲ್ಲಿ ಯಾರೂ ಕೊಡಕ್ಕೆ ಕೈ ಹಾಕಲಿಲ್ಲ, ಬೇರೆ ಮನೆಯ ಕೆಂಡಕ್ಕೂ ಹೋಗಲಿಲ್ಲ. ಆ ವರ್ಷ ಬೆಂಕಿಯ ಬದಲು ಗುಡ್ಡಕ್ಕೆ ಕುಡಗೋಲು ಹೋದವು. ಒಣಹುಲ್ಲು ಕೊಯ್ದು ದನಗಳಿಗೆ ಬಣವೆ ಒಟ್ಟಿದರು. ಬುಡ ಮಾತ್ರ ಹಾಗೇ ಉಳಿಯಿತು. ಮರುವರ್ಷ ಬಾವಿಯೇನೂ ಉಕ್ಕಿ ಹರಿಯಲಿಲ್ಲ, ಸುಳ್ಳೇಕೆ ಹೇಳಬೇಕು. ಆದರೆ ಯುಗಾದಿಯವರೆಗೂ ಕೊಡ ಮುಳುಗುವಷ್ಟು ನೀರಿತ್ತು.

ಅಣ್ಣಂದಿರೇ, ನಿಮ್ಮೂರಿಗೂ ಒಂದು ಗುಡ್ಡವಿದ್ದೀತು. ಅದರ ಹುಲ್ಲನ್ನು ಕೊಯ್ಯಿರಿ, ಸುಡಬೇಡಿ. ಇಷ್ಟು ಕೇಳಿಯೂ ಬೆಂಕಿ ಹಚ್ಚಲೇಬೇಕು ಅನ್ನಿಸಿದರೆ, ಕಡ್ಡಿ ಗೀರುವ ಮೊದಲು ನಿಮ್ಮ ಮನೆಯಲ್ಲಿ ನೀರು ಹೊರುವವಳನ್ನು ಒಂದು ಮಾತು ಕೇಳಿ.