ಒಂದೇ ಚಿತ್ರದಲ್ಲಿದ್ದ ಕೆಂಪು ಗೆರೆ

ಕೆಂಪು ಗೆರೆಯ ಅರ್ಧವನ್ನು ಹರಿಣಾಕ್ಷಿ ಆಗಲೇ ಅಳಿಸಿದ್ದಳು. ಪಕ್ಕದ ಕತ್ತಲೆಯಿಂದ ಒಂದು ಚಿಟಿಕೆ ತೆಗೆದು ಗೆರೆಯ ಮೇಲೆ ಉದುರಿಸುವುದು, ಮತ್ತೆ ಒಂದು ಚಿಟಿಕೆ, ಮತ್ತೆ ಒಂದು. ರಂಗೋಲಿ ಹಾಕಿದಂತೆಯೇ, ಆದರೆ ಇಲ್ಲಿ ಕೈ ಆಡಿದಷ್ಟೂ ಗೆರೆ ಇಲ್ಲವಾಗುತ್ತ ಹೋಗುತ್ತಿತ್ತು. ಗೆರೆ ನೆಟ್ಟಗಿರಲಿಲ್ಲ. ಒಂದು ಎತ್ತರದ ಏರು, ಒಂದು ಗಿಡ್ಡ ಏರು, ಮತ್ತೆ ಎತ್ತರ, ಮತ್ತೆ ಗಿಡ್ಡ. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಅದೇ ಲಯ. ಮೌಸ್ ಹಿಡಿದ ಅವಳ ಕೈಯೂ ಅದರ ಹಿಂದೆಯೇ ಹತ್ತಿ ಇಳಿದು ಸಾಗಿತ್ತು. ನಡುವೆ ಒಂದು ಕಡೆ ಬೆಳಕು ದಪ್ಪಗಾಗಿ ಗಂಟು ಕಟ್ಟಿಕೊಂಡಿತ್ತು. ಅದೊಂದು ಸುಲಭಕ್ಕೆ ಹೋಗಲಿಲ್ಲ. ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಅದನ್ನು ಅಂಚಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಕರಗಿಸಿದಳು.

“ಹರಿಣಕ್ಕಾ, ಊಟಕ್ಕ ಏಳ್ತೀರೋ ಇಲ್ಲೋ? ಚಪಾತಿ ಹಪ್ಪಳ ಆಗಾಕತ್ತಾವು,” ಎಂದಳು ಪಕ್ಕದ ಕಂಪ್ಯೂಟರಿನ ಬಾಗಿ.

“ಬಂದೆ ಮಾರಾಯ್ತಿ. ಈ ಟಾರ್ಚಿನ ಉಪದ್ರ ಒಂದು ಮುಗೀಲಿ.”

“ಆಕಾಶದ ಫೋಟೋ ತೆಗಿಯೂವಾಗ ಟಾರ್ಚ್ ಹಿಡಕೊಂಡು ಅಡ್ಡಾಡಿದವ ಎಂಥಾ ಶಾಣ್ಯಾ ಇರಬೇಕ್ರೀ!”

“ಯಾವುದೋ ಒಂದು ಮಂಗ,” ಎಂದು ಹರಿಣಾಕ್ಷಿ ನಕ್ಕಳು. ಕೊನೆಯ ಗಿಡ್ಡ ಏರನ್ನೂ ಕತ್ತಲೆಯಿಂದ ಮುಚ್ಚಿ, ಅದೇ ಹೆಸರಿನಲ್ಲಿ ಸೇವ್ ಮಾಡಿ, ಡಬ್ಬಿ ಬಿಚ್ಚಲು ಎದ್ದಳು.

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಕೂಗಳತೆಯಲ್ಲಿದ್ದ ಆ ಫೋಟೋ ಲ್ಯಾಬಿನಲ್ಲಿ ಅವಳ ಕೆಲಸವೇ ಅದು. ಮದುಮಗಳ ಗಲ್ಲದ ಮೊಡವೆ, ಮಾವನ ಅಂಗಿಯ ಮೇಲಿನ ಪಾಯಸದ ಕಲೆ, ಹಳೆಯ ನೆಗೆಟಿವಿನ ಧೂಳು, ಎಲ್ಲವನ್ನೂ ತೆಗೆಯುವುದು. ಲ್ಯಾಬಿನ ಯಜಮಾನ ವಾಸು ಉಡುಪಿ ಕಡೆಯವನು. ಅವಳ ಜೊತೆ ತುಳು, ವಿಜಾಪುರದ ಬಾಗಿಯ ಜೊತೆ ಕನ್ನಡ, ಗಿರಾಕಿಗಳ ಜೊತೆ ಮರಾಠಿ ಆಡುತ್ತಿದ್ದ. ಕಂಪ್ಯೂಟರುಗಳ ತುಂಬ ಮದುವೆಗಳು ತುಂಬಿಹೋಗಿದ್ದರಿಂದ ಅವನದೊಂದು ಕಟ್ಟಪ್ಪಣೆಯಿತ್ತು: ಸ್ವಚ್ಛ ಮಾಡಿದ್ದನ್ನು ಹಳೆಯದರ ಮೇಲೆಯೇ ಉಳಿಸಬೇಕು, ಕೊಳೆಯ ಪ್ರತಿಯನ್ನು ಇಟ್ಟುಕೊಂಡು ಕೂರಬಾರದು.

ಆಕಾಶದ ಸ್ಲೈಡುಗಳು ಬಂದಾಗ ಲ್ಯಾಬಿನಲ್ಲಿ ಯಾರಿಗೂ ಅವು ಬೇಡವಾಗಿದ್ದವು. ಕಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡರೆ ಕೈ ತಾನಾಗಿ ಅಳಿಸಲು ಹೋಗುವ ಜನ ಅವರು. “ಇದು ಧೂಳೋ ಚಿಕ್ಕಿಯೋ ಯಾರು ಹೇಳಬೇಕ್ರಿ? ಒಂದು ಚಿಕ್ಕಿ ಅಳಸಿದ್ರ ಪಾಪ ಹತ್ತೂದಿಲ್ಲೇನು?” ಎಂದು ಬಾಗಿ ಕೈ ತೊಳೆದುಕೊಂಡಿದ್ದಳು. ಸ್ಲೈಡು ಕೊಟ್ಟವರು ರಮಾಕಾಂತ ಎಂಬ ನಿವೃತ್ತ ಇಂಜಿನಿಯರು. ಎರಡು ಸಾವಿರದ ಒಂಬತ್ತನ್ನು ಖಗೋಳ ವರ್ಷವೆಂದು ಎಲ್ಲ ಕಡೆ ಆಚರಿಸುತ್ತಿದ್ದರಲ್ಲ, ವಾಶಿಯ ಕನ್ನಡ ಸಂಘದವರು ಅವರ ಚಿತ್ರಗಳ ಪ್ರದರ್ಶನ ಇಟ್ಟುಕೊಂಡಿದ್ದರು. ಅವರು ವಾಸುವಿಗೆ ಒಂದು ಉಪಾಯ ಹೇಳಿಹೋಗಿದ್ದರು: ಪ್ರತಿ ನೋಟಕ್ಕೂ ಎರಡು ಸ್ಲೈಡು ತೆಗೆದಿದ್ದೇನೆ. ಎರಡರಲ್ಲೂ ಇದ್ದದ್ದು ಆಕಾಶದ್ದು, ಒಂದರಲ್ಲಿ ಮಾತ್ರ ಇದ್ದದ್ದು ಕಸ.

ಹರಿಣಾಕ್ಷಿ ತಾನಾಗಿ ಕೇಳಿ ಆ ಕೆಲಸ ತೆಗೆದುಕೊಂಡಿದ್ದಳು. ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಅವಳ ಗಂಡ ಲೀಲಾಧರನಿಗೆ ಆಕಾಶದ ಹುಚ್ಚಿತ್ತು. ಮಹಾಪೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದವನು, ಶನಿವಾರ ಸಂಜೆಯಾದರೆ ಹೋಟೆಲಿನ ದೊಡ್ಡ ಥರ್ಮಾಸಿಗೆ ಚಹಾ ತುಂಬಿಕೊಂಡು ಕರ್ಜತ್ ಲೋಕಲ್ ಹತ್ತಿ ವಾಂಗಣಿಗೆ ಹೋಗುತ್ತಿದ್ದ. ಅಲ್ಲಿ ರಾತ್ರಿಯೆಲ್ಲ ನಕ್ಷತ್ರ ನೋಡುವವರ ಒಂದು ಗುಂಪು, ಅದರಲ್ಲೊಬ್ಬರು ‘ದುರ್ಬೀನ್ ಕಾಕಾ’. ಭಾನುವಾರ ಬೆಳಿಗ್ಗೆ ಇಬ್ಬನಿಯ ವಾಸನೆಯ ಸ್ವೆಟರಿನಲ್ಲಿ ಬಂದು, ಅವಳು ದೋಸೆ ಹೊಯ್ಯುತ್ತಿರುವಾಗ ಹಿಂದೆ ನಿಂತು ಹೇಳಿದ್ದೇ ಹೇಳಿದ್ದು. “ನೀನೊಮ್ಮೆ ಬರಬೇಕು ಮಾರಾಯ್ತಿ. ಇಲ್ಲಿ ಕಾಣುವುದು ಆಕಾಶವೇ ಅಲ್ಲ, ಮುಚ್ಚಳ.” ಅವಳು ದೋಸೆ ಮಗುಚುತ್ತ “ಮುಂದಿನ ಶನಿವಾರ ನೋಡುವ” ಎನ್ನುತ್ತಿದ್ದಳು. ಮುಂದಿನ ಶನಿವಾರ ಯಾರದೋ ಸೀಮಂತ, ಇಲ್ಲವೇ ಉದ್ದು ನೆನೆಹಾಕಿದ್ದು, ಇಲ್ಲವೇ ಸುಮ್ಮನೆ ಸುಸ್ತು. ಎರಡು ಸಾವಿರದ ಐದರ ಮಹಾಮಳೆಯಲ್ಲಿ ಅವನು ಸೊಂಟಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದ. ಆಮೇಲೆ ಬಂದ ಜ್ವರ ಅವನನ್ನು ಬಿಡಲಿಲ್ಲ.

ಅದೇ ನೀರು ಅವರ ನೆಲ ಅಂತಸ್ತಿನ ಕೋಣೆಗೂ ನುಗ್ಗಿತ್ತು. ಮದುವೆಯ ಆಲ್ಬಮಿನ ಪುಟಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಊರವರ ಹರಿದ ಫೋಟೋಗಳನ್ನೆಲ್ಲ ಸರಿಮಾಡುವವಳಿಗೆ ಆ ಇಟ್ಟಿಗೆಯನ್ನು ಬಿಡಿಸಲು ಬರಲಿಲ್ಲ. ಉಳಿದದ್ದು ಮತದಾರರ ಚೀಟಿಯ ಮುಖ, ರೈಲು ಪಾಸಿನ ಮುಖ. ಎರಡೂ ಎದುರಿಗೆ ದಿಟ್ಟಿಸುವ, ಯಾರದ್ದೂ ಆಗಬಹುದಾದ ಮುಖಗಳು. ಅವನು ನಡೆಯುವುದು, ತಿರುಗುವುದು, ಬಾಗಿಲಲ್ಲಿ ಚಪ್ಪಲಿ ಬಿಡುವುದು ಎಲ್ಲೂ ಇರಲಿಲ್ಲ.

ಹಾಗಾಗಿ ಅವಳು ಸ್ಲೈಡುಗಳ ಮುಂದೆ ಬೇಕೆಂದೇ ತಡಮಾಡುತ್ತಿದ್ದಳು. ಧ್ರುವನ ಸುತ್ತ ನಕ್ಷತ್ರಗಳು ಬಳೆಯೊಳಗೆ ಬಳೆಯಂತೆ ತಿರುಗಿದ್ದ ಚಿತ್ರ, ಕೃತ್ತಿಕೆಯ ಗೊಂಚಲು, ಯಾರೋ ಹಿಟ್ಟು ಜರಡಿ ಹಿಡಿದಂಥ ಆಕಾಶಗಂಗೆ. ಧೂಳು ತೆಗೆಯುವ ನೆಪದಲ್ಲಿ ಒಂದೊಂದು ಮೂಲೆಯನ್ನೂ ದೊಡ್ಡದು ಮಾಡಿ ನೋಡುತ್ತಿದ್ದಳು. ಅವನು ನೋಡಿದ್ದು ಇಂಥದ್ದನ್ನೇ ಇರಬೇಕು. ಹೋಗಿದ್ದರೆ ತಾನೂ ಇಬ್ಬನಿಯಲ್ಲಿ ಚಾಪೆ ಹಾಸಿ ಮಲಗಿ, ಅವನು ಬೆರಳು ತೋರಿಸಿದ ಕಡೆ ನೋಡಿ, ಏನೂ ಗುರುತು ಸಿಗದೆ “ಹೌದೌದು, ಕಂಡಿತು” ಎಂದು ಸುಳ್ಳು ಹೇಳುತ್ತಿದ್ದಳು. ಆ ಸುಳ್ಳನ್ನಾದರೂ ಹೇಳಬಹುದಿತ್ತು.

ಪ್ರದರ್ಶನಕ್ಕೆ ವಾಸು ಇಬ್ಬರನ್ನೂ ಕರೆದುಕೊಂಡು ಹೋದ. ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿ ಮುಟ್ಟುವಾಗ ಸಂಜೆಯಾಗಿತ್ತು. ಸಭಾಗೃಹದಲ್ಲಿ ಉಪ್ಪಿಟ್ಟು, ಚಹಾ, ಸಿಲ್ಕ್ ಸೀರೆಗಳು. ಬಳೆಯಂಥ ನಕ್ಷತ್ರಗಳ ಚಿತ್ರವನ್ನೇ ಎಲ್ಲಕ್ಕಿಂತ ದೊಡ್ಡದು ಮಾಡಿ ಎದುರಿನ ಗೋಡೆಗೆ ಹಾಕಿದ್ದರು. ಮೇಲೆ ಸುತ್ತುವ ಬೆಳಕು, ಕೆಳಗೆ ಗುಡ್ಡದ ಕಪ್ಪು ಅಂಚು, ಅದರ ಕೆಳಗೆ ಅವಳೇ ಹರಡಿದ ಕತ್ತಲೆ. ಒಂದು ಹೊಲಿಗೆಯೂ ಕಾಣುತ್ತಿರಲಿಲ್ಲ.

ರಮಾಕಾಂತ ಅದರ ಮುಂದೆ ನಿಂತು ಜನರಿಗೆ ವಿವರಿಸುತ್ತಿದ್ದರು. ಕಾರವಾರದ ಕನ್ನಡ, ನಡುನಡುವೆ ಮರಾಠಿ.

“ಅರೇ, ಇದರ ಕಥೆ ಕೇಳಿ. ಕ್ಯಾಮೆರಾದ ಕಣ್ಣು ತೆರೆದಿಟ್ಟು ಸುಮ್ಮನೆ ಕೂತಿದ್ದೇವೆ, ಯಾರೂ ಹಂದಾಡಬಾರದು. ಅಷ್ಟರಲ್ಲಿ ನಮ್ಮ ಲೀಲು ಚಹಾ ಹಿಡಿದುಕೊಂಡು ಸೀದಾ ಮುಂದಿನಿಂದ ಬಂದ, ಟಾರ್ಚ್ ಬೇರೆ! ಅವನು ನಡೆದ ದಾರಿಯೆಲ್ಲ ಕೆಂಪು ಗೆರೆಯಾಗಿ ಮೂಡಿತು. ‘ಗಾಢವಾ, ಕತ್ತೇ, ನಡಿ ಆಚೆ’ ಅಂತ ಎಷ್ಟು ಬೈದೆ. ಕತ್ತಲೆ ಕೆಡಬಾರದೆಂದು ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೇನಲ್ಲ ದುರ್ಬೀನ್ ಕಾಕಾ ಅಂತ ಹಲ್ಲು ಕಿರಿದ. ಮರುಚಿತ್ರಕ್ಕೆ ಮೋಡ ಬಂತು, ಇದೇ ಗತಿ. ಈಗ ನೋಡಿ, ಲ್ಯಾಬಿನವರು ಅವನನ್ನು ಎಷ್ಟು ಸಾಫ್ ತೆಗೆದಿದ್ದಾರೆ! ಇದ್ದ ಅಂತ ಹೇಳಲಿಕ್ಕಾಗುತ್ತದಾ?”

ಹರಿಣಾಕ್ಷಿಯ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆಯಿತ್ತು. ಚೌತಿಯ ಅಲಂಕಾರಕ್ಕೆಂದು ತಂದ ಕೆಂಪು ಬಣ್ಣದ ಕಾಗದದಿಂದ ಅವನು ಒಂದು ತುಂಡು ಹರಿದುಕೊಂಡಿದ್ದ. ದೇವರ ಸಾಮಾನು ಹಾಳು ಮಾಡುತ್ತೀರಿ ಎಂದು ಅವಳು ಜಗಳವಾಡಿದ್ದಳು. ಏತಕ್ಕೆ ಎಂದು ಕೇಳಿರಲಿಲ್ಲ.

“ಯಾವ ಲೀಲು?” ಎಂದಳು.

“ಮಹಾಪೆಯಲ್ಲಿ ಹೋಟೆಲಿನಲ್ಲಿದ್ದ. ಸಣ್ಣವನಿದ್ದಾಗ ಬಿದ್ದು ಒಂದು ಕಾಲು ಸ್ವಲ್ಪ ಗಿಡ್ಡ. ಪಾಪ, ಆ ಮಳೆಯ ವರ್ಷ ಹೋಗಿಬಿಟ್ಟ. ನಿಮಗೆ ಗುರುತಾ?”

ಒಂದು ಎತ್ತರ, ಒಂದು ಗಿಡ್ಡ. ತಟ್ಟೆ ಹಿಡಿದ ಕೈ ತಾನಾಗಿ ಸ್ವಲ್ಪ ಏರಿ ಇಳಿಯಿತು. ಅವನ ಹೆಜ್ಜೆಯ ಹಿಂದೆ ಹೆಜ್ಜೆಯಿಟ್ಟು ಈ ತುದಿಯಿಂದ ಆ ತುದಿಯವರೆಗೆ ಅವಳು ನಡೆದುಹೋಗಿದ್ದಳು, ಒರೆಸುತ್ತ.

“ನಮ್ಮ ಯಜಮಾನರು,” ಎಂದಳು. “ತೆಗೆದದ್ದು ನಾನೇ.”

ರಮಾಕಾಂತ ಚಿತ್ರದ ಕಡೆ ಎತ್ತಿದ್ದ ಕೈಯನ್ನು ಇಳಿಸಿದರು. “ವಹಿನಿ...” ಎಂದರು. ಅತ್ತಿಗೆ ಎಂದು ಕರೆದು, ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಪಕ್ಕಕ್ಕಿಟ್ಟರು.

ಮರುದಿನ ಲ್ಯಾಬಿನ ಶಟರ್ ಪೂರ್ತಿ ಏಳುವ ಮೊದಲೇ ಅವಳು ಬಗ್ಗಿ ಒಳಗೆ ಹೋದಳು. ಬಾಗಿಯೂ ಅವಳೂ ಎಲ್ಲ ಕಂಪ್ಯೂಟರುಗಳನ್ನು ಜಾಲಾಡಿದರು. ಸಿಕ್ಕಿದ್ದೆಲ್ಲ ತೊಳೆದು ಒರೆಸಿದ ಪ್ರತಿಯೇ. ಗಿರಾಕಿಗೆ ಕೊಟ್ಟ ಸಿ.ಡಿ.ಯಲ್ಲೂ ಅದೇ. ಉಳಿದದ್ದು ಸ್ಕ್ಯಾನ್ ಮಾಡಿ ರಮಾಕಾಂತರಿಗೆ ಹಿಂದಿರುಗಿಸಿದ್ದ ಮೂಲ ಸ್ಲೈಡ್ ಒಂದೇ. ವಾಸು ಫೋನು ಮಾಡಿದ. ರಮಾಕಾಂತ ತಾವೇ ರಿಕ್ಷಾ ಹಿಡಿದು ಬಂದರು. ಅವರ ಮುಖ ನೋಡಿಯೇ ಹರಿಣಾಕ್ಷಿಗೆ ತಿಳಿಯಿತು.

“ಬೂಷ್ಟು ಹಿಡಿದಿತ್ತು ವಹಿನಿ. ಒಂದಕ್ಕೆ ಹಿಡಿದರೆ ಡಬ್ಬಿಯಲ್ಲಿದ್ದ ಎಲ್ಲಕ್ಕೂ ಹತ್ತುತ್ತದೆ. ಕಂಪ್ಯೂಟರಿನಲ್ಲಿ ಬಂತಲ್ಲ ಅಂತ ಹಳೆಯದನ್ನೆಲ್ಲ ಕಸದ ಗಾಡಿಗೆ...” ಅವರು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು. “ನೀವು ಯಾರು ಅಂತ ನನಗೆ ಏನು ಗೊತ್ತು? ನಿಮ್ಮನ್ನು ಒಮ್ಮೆಯಾದರೂ ಕರೆದುಕೊಂಡು ಬಾ ಅಂತ ಲೀಲುಗೆ ಹೇಳುತ್ತಿದ್ದೆ. ‘ಅವಳು ಮುಂದಿನ ಶನಿವಾರ ಬರ್ತಾಳೆ ಕಾಕಾ’ ಅಂತಿದ್ದ.”

ಆ ದಿನವೆಲ್ಲ ಅವಳು ಒಂದು ಗೃಹಪ್ರವೇಶದ ಆಲ್ಬಮಿನ ಮುಂದೆ ಕೂತಿದ್ದಳು. ಯಾರ ಮುಖದ ಮಚ್ಚೆಯನ್ನೂ ಮುಟ್ಟಲಾಗಲಿಲ್ಲ. “ಅದು ಹೆಂಗಿತ್ತು ಅಕ್ಕಾ, ಆ ಗೆರಿ?” ಎಂದು ಬಾಗಿ ಮೆಲ್ಲಗೆ ಕೇಳಿದಾಗ, ಸುಮ್ಮನೆ ಮೇಜಿನ ಧೂಳಿನಲ್ಲಿ ಬೆರಳಾಡಿಸಿ ತೋರಿಸಿದಳು. ಎತ್ತರ, ಗಿಡ್ಡ, ಎತ್ತರ, ಗಿಡ್ಡ. ಗುಡ್ಡದ ಅಂಚಿನಿಂದ ಇಷ್ಟು ಕೆಳಗೆ.

ಮುಂದಿನ ಭಾನುವಾರ ಬೆಳಿಗ್ಗೆ ವಾಸುವೂ ಬಾಗಿಯೂ ಅವಳ ಮನೆಗೆ ಬಂದರು. ವಾಸುವಿನ ಕಂಕುಳಲ್ಲಿ ಮರಾಠಿ ಪೇಪರಿನಲ್ಲಿ ಸುತ್ತಿದ ದೊಡ್ಡ ಚೌಕಟ್ಟು, ಕೈಚೀಲದಲ್ಲಿ ಸುತ್ತಿಗೆ.

“ಮೊಳೆ ಸಮೇತ ತಂದಿದ್ದೇನೆ,” ಎಂದ. “ನಿನ್ನ ಗೋಡೆಗೆ ಸಿಮೆಂಟಿಗಿಂತ ಮರಳೇ ಜಾಸ್ತಿ, ಹುಷಾರಾಗಿ ಹೊಡೀಬೇಕು.”

“ಎಂತ ವಾಸಣ್ಣ ಇದು?”

“ಬಿಚ್ಚು, ಗೊತ್ತಾಗ್ತದೆ. ಈ ಹುಡುಗಿ ಮೂರು ದಿನ ಸಂಜೆ ಮನೆಗೆ ಹೋಗದೆ ಕೂತಿದ್ದಾಳೆ. ಅವಳ ಗಂಡ ನನ್ನ ಹತ್ತಿರ ಜಗಳಕ್ಕೆ ಬಂದಿದ್ದ.”

“ಅವಂದೇನ್ ಬಿಡ್ರಿ, ಹಸಿವಾದ್ರ ಜಗಳಾ ತೆಗೀತಾನ,” ಎಂದಳು ಬಾಗಿ. ಅವಳ ಕಣ್ಣು ಮಾತ್ರ ಹರಿಣಾಕ್ಷಿಯ ಕೈಗಳ ಮೇಲಿತ್ತು.

ಪೇಪರು ಸರಿಯಿತು. ಮೇಲೆ ಬಳೆಯೊಳಗೆ ಬಳೆ, ನಡುವೆ ಗುಡ್ಡ, ಕೆಳಗೆ ಕತ್ತಲೆ. ಕತ್ತಲೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ಕೆಂಪು ಗೆರೆ.

ಬಾಗಿಯ ಕೈ ಎಷ್ಟು ಚೆನ್ನಾಗಿತ್ತೆಂದರೆ ಬೆಳಕಿನ ಅಂಚು ನಿಜವಾದ ಬೆಳಕಿನಂತೆಯೇ ಮಸುಕಾಗಿ ಹರಡಿತ್ತು. ಎತ್ತರ, ಗಿಡ್ಡ, ಎತ್ತರ, ಗಿಡ್ಡ. ಲೀಲಾಧರ ಥರ್ಮಾಸು ಹಿಡಿದು, ಬೈಸಿಕೊಳ್ಳಲಿದ್ದೇನೆಂದು ಗೊತ್ತಿಲ್ಲದೆ, ಹುಲ್ಲಿನಲ್ಲಿ ನಡೆದು ಬರುತ್ತಿದ್ದ. ಹರಿಣಾಕ್ಷಿ ಗಾಜಿನ ಮೇಲೆ ಬೆರಳಿಟ್ಟು ಅವನ ಜೊತೆ ಹೊರಟಳು. ನಾಲ್ಕು ಹೆಜ್ಜೆ, ಎಂಟು ಹೆಜ್ಜೆ. ನಡುವಿಗೆ ಬಂದಾಗ ಅವಳ ಬೆರಳು ನಿಂತಿತು. ಗೆರೆ ನಿಲ್ಲದೆ ಮುಂದೆ ಹೋಗಿತ್ತು.

ಅಲ್ಲಿ ಅವನು ನಿಂತಿದ್ದ. ಬೆಳಕು ದಪ್ಪಗಾಗಿ ಗಂಟು ಕಟ್ಟುವಷ್ಟು ಹೊತ್ತು, ಚಹಾ ಆರಿದರೆ ಆರಲಿ ಎಂದು, ಕುತ್ತಿಗೆ ಹಿಂದಕ್ಕೆ ಹಾಕಿ ನಿಂತಿದ್ದ. ಅದನ್ನು ಕಂಡವರು ಲೋಕದಲ್ಲಿ ಬೇರೆ ಯಾರೂ ಇಲ್ಲ. ಕರಗಿಸಲು ಎಲ್ಲಕ್ಕಿಂತ ಕಷ್ಟವಾದದ್ದೇ ಅದು.

“ಏನರ ತಪ್ಪೇತೇನ್ರಿ ಅಕ್ಕಾ?” ಬಾಗಿ ಹತ್ತಿರ ಬಂದಳು.

“ಇಲ್ಲ ಬಾಗಿ. ಚಂದ ಆಗಿದೆ. ಒಂದು ಕಡೆ ಅವರು ನಿಂತಿದ್ದರು, ಅದು ಇಲ್ಲ.”

“ಅಯ್ಯ, ಅಷ್ಟೇ ಏನು!” ಬಾಗಿಯ ಮುಖ ಅರಳಿತು. “ಎಲ್ಲಿ ನಿಂತಿದ್ರು ತೋರಸ್ರಿ, ನಾಳೆ ಹೋದಕೂಡ್ಲೆ ಹಾಕತೀನಿ. ಯಾರಿಗೂ ಫರಕ್ ಗೊತ್ತಾಗೂದಿಲ್ಲ, ನಿಮಗೂ ಗೊತ್ತಾಗೂದಿಲ್ಲ.”

“ಹೊಸ ಪ್ರಿಂಟ್ ನಾನು ಹಾಕಿಸ್ತೇನೆ,” ಎಂದ ವಾಸು, ಆಗಲೇ ಗೋಡೆಯನ್ನು ಬೆರಳಿನಿಂದ ತಟ್ಟಿ ಗಟ್ಟಿ ಜಾಗ ಹುಡುಕುತ್ತ. “ಮೊಳೆಯಂತೂ ಈಗಲೇ ಹೊಡೆದಿಡುವ. ಹೇಳು, ಎಲ್ಲಿ?”

ಹರಿಣಾಕ್ಷಿ ಗಾಜಿನ ಮೇಲಿಂದ ಬೆರಳು ತೆಗೆದಳು. ಅದರ ಗುರುತನ್ನು ಸೆರಗಿನಿಂದ ಒರೆಸಿ, ಪೇಪರನ್ನು ಮೊದಲಿನ ಮಡಿಕೆಗಳಲ್ಲೇ ಮತ್ತೆ ಸುತ್ತಿ, ಚೌಕಟ್ಟನ್ನು ವಾಸುವಿನ ಕಡೆಗೆ ಎತ್ತಿ ಹಿಡಿದಳು.

“ಹೇಳುವುದಿಲ್ಲ,” ಎಂದಳು. “ಆಮೇಲೆ ನನಗೂ ಫರಕ್ ಗೊತ್ತಾಗಲಿಕ್ಕಿಲ್ಲ. ಇದೂ ಬೇಡ ವಾಸಣ್ಣ. ತೆಗೊಂಡು ಹೋಗಿ.”